ಬ್ರಿಟನ್ನಿನಲ್ಲಿ ಕೆಂಪು ಅಳಿಲು ಕಂಡರೆ ಸ್ವಯಂಸೇವಕರು ಬರೆದಿಡುವುದೇಕೆ?

ಕೆಂಪು ಅಳಿಲು ಎಲ್ಲೆಲ್ಲಿ ಉಳಿದಿದೆ, ಬೂದು ಅಳಿಲು ಎಲ್ಲಿಗೆ ನುಗ್ಗಿದೆ ಎಂದು ಬೇಗ ತಿಳಿಯಲು. (ಇದು ನಮ್ಮ ಘಟ್ಟದ ಕೆಂದಳಿಲಲ್ಲ, ಸುಮಾರು 300 ಗ್ರಾಂ ತೂಗುವ ಬೇರೆಯೇ ಜಾತಿ.) 1876ರಿಂದೀಚೆಗೆ ಉತ್ತರ ಅಮೆರಿಕದಿಂದ ತಂದು ಬಿಟ್ಟ ಬೂದು ಅಳಿಲುಗಳು ಮೇವು ಕಸಿಯುವುದಲ್ಲದೆ ಅಳಿಲು ಸಿಡುಬಿನ ವೈರಸ್ಸನ್ನೂ ಹರಡುತ್ತವೆ. ಅವಕ್ಕೆ ಸಾಮಾನ್ಯವಾಗಿ ಏನೂ ಆಗದು. ಕೆಂಪು ಅಳಿಲಿಗೆ ತಗುಲಿದರೆ ಕಣ್ಣು, ಬಾಯಿಯ ಸುತ್ತ ಹುಣ್ಣಾಗಿ ಬಹುತೇಕ ಎರಡು ವಾರದಲ್ಲಿ ಸಾಯುತ್ತದೆ. ಹಾಗಾಗಿ ಬೂದು ಅಳಿಲು ಕಂಡ ಸುದ್ದಿಗೂ ಅಷ್ಟೇ ಬೆಲೆ. ಬೂದು ಅಳಿಲನ್ನು ಹಿಡಿಯುವ ಬೋನು ಎಲ್ಲಿಡಬೇಕೆಂದು ತೋರಿಸುವುದು ಅದೇ.

ಬರೆಯಬೇಕಾದ್ದು ದಿನಾಂಕ, ನಿಖರ ಜಾಗ, ಎಷ್ಟು ಕಂಡವು, ಸಾಧ್ಯವಾದರೆ ಫೋಟೋ. ಹೆಚ್ಚು ತಪ್ಪಾಗುವುದು ಬಣ್ಣ ನಂಬಿದಾಗ. ಬೂದು ಅಳಿಲಿನ ಬೆನ್ನಲ್ಲೂ ಕೆಂಚು ಛಾಯೆ ಇರುತ್ತದೆ, ಕೆಂಪಿನದು ಚಳಿಗಾಲದಲ್ಲಿ ಬೂದು ಛಾಯೆಗೆ ತಿರುಗಬಹುದು. ಬಾಲ ನೋಡಿ: ಅಂಚಿನಲ್ಲಿ ಬಿಳಿ ಕೂದಲಿನ ಗೆರೆ ಇದ್ದರೆ ಬೂದು ಅಳಿಲು. ಕಿವಿಯ ಜುಟ್ಟು ಕೆಂಪಿನ ಗುರುತೇ, ಆದರೆ ಬೇಸಿಗೆಯಲ್ಲಿ ಉದುರಿರುತ್ತದೆ.

ಅಳಿಲು ಕಣ್ಣಿಗೇ ಬೀಳದ ಕಾಡಿನಲ್ಲಿ ಮೇವಿನ ಪೆಟ್ಟಿಗೆಯ ಮುಚ್ಚಳದಡಿ ಅಂಟುಪಟ್ಟಿ ಹಚ್ಚಿ, ಸಿಕ್ಕಿದ ಕೂದಲನ್ನು ಪರೀಕ್ಷಿಸುತ್ತಾರೆ. ಪೆಟ್ಟಿಗೆಯನ್ನು ಆಗಾಗ ಸೋಂಕುನಿವಾರಕದಿಂದ ತೊಳೆಯದಿದ್ದರೆ ಅದರಿಂದಲೇ ರೋಗ ಹರಡಬಹುದು.