ನಮ್ಮ ಮನೆ ಮೇಲೇ ಯಾಕೆ ವಿಮಾನ?

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ರಾತ್ರಿ ವಿಮಾನದ ಸದ್ದಿಗೆ ಎಚ್ಚರ ಆಗುತ್ತೆ. ಸರಾಸರಿ ಸದ್ದು ಜಾಸ್ತಿ ಏನಿಲ್ಲ ಅಂತಾರೆ. ಮೊಬೈಲಲ್ಲಿ ನೋಡಿದರೆ 8,000 ಅಡಿ ಎತ್ತರ. ಇಷ್ಟು ದೊಡ್ಡ ಆಕಾಶದಲ್ಲಿ ನಮ್ಮ ಮನೆ ಮೇಲೇ ಯಾಕೆ?’

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಮೊದಲು ಆ 8,000 ಅಡಿ ನೋಡೋಣ. ಅದು ಸಮುದ್ರ ಮಟ್ಟದಿಂದ ಲೆಕ್ಕ. ನಿಮ್ಮ ನೆಲವೇ ಹೆಚ್ಚುಕಡಿಮೆ 3,000 ಅಡಿ ಮೇಲಿದೆ. ಅಂದರೆ ವಿಮಾನ ನಿಮ್ಮ ತಲೆಯಿಂದ 5,000 ಅಡಿ ಎತ್ತರದಲ್ಲಿದೆ, ಅಷ್ಟೇ.

ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿವೆ. ದೆಹಲಿ ಕಡೆಗೆ ಹೊರಟ ವಿಮಾನ ಎಲ್ಲಾದರೂ ಉತ್ತರಕ್ಕೆ ತಿರುಗಲೇಬೇಕು. ಹೊರಡುವ ದಾರಿಯ ಗೆರೆಗಳನ್ನು ಮೊದಲೇ ಎಳೆದಿಟ್ಟಿರುತ್ತಾರೆ. ಉಪಗ್ರಹದ ನೆರವು ಬಂದ ಮೇಲೆ ವಿಮಾನಗಳು ಆ ಗೆರೆ ಬಿಟ್ಟು ಅಲ್ಲಾಡುವುದೇ ಇಲ್ಲ. ಅಕ್ಕಪಕ್ಕದ ಊರುಗಳಿಗೆಲ್ಲ ಹಂಚಿ ಹೋಗುತ್ತಿದ್ದ ಸದ್ದು ಗೆರೆ ಕೆಳಗಿನವರ ಪಾಲಿಗೇ ಬೀಳುತ್ತದೆ. ಅಮೆರಿಕದ ಫೀನಿಕ್ಸ್‌ನಲ್ಲಿ 2014ರಲ್ಲಿ ಹೀಗೇ ಆಯಿತು. ನಗರಾಡಳಿತವೂ ನಿವಾಸಿಗಳೂ ಕೋರ್ಟಿಗೆ ಹೋದರು. 2017ರಲ್ಲಿ ತೀರ್ಪು ಅವರ ಪರವಾಗಿ ಬಂತು. ಸಿಡ್ನಿಯಲ್ಲಿ ಬೇರೆ ದಾರಿ ಹಿಡಿದರು: ಸದ್ದನ್ನು ಊರಿನ ಬೇರೆ ಬೇರೆ ಭಾಗಗಳಿಗೆ ಹಂಚುವುದು, ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಹಾರಾಟಕ್ಕೆ ಕಡಿವಾಣ.

ಏರುವ ರೀತಿಯಲ್ಲೂ ಇದೇ ಎಳೆದಾಟ. ಮೊದಲು ಎತ್ತರಕ್ಕೇರಿ ಆಮೇಲೆ ವೇಗ ಹೆಚ್ಚಿಸಿಕೊಂಡರೆ ನಿಲ್ದಾಣದ ಪಕ್ಕದವರಿಗೆ ಅನುಕೂಲ, ಬೇಗ ವೇಗ ಹೆಚ್ಚಿಸಿಕೊಂಡರೆ ದೂರದವರಿಗೆ.

ಇನ್ನು ಸರಾಸರಿ. ಅದು ಸುಳ್ಳಲ್ಲ, ಆದರೆ ನಿದ್ದೆ ಕೆಡಿಸುವುದು ಸರಾಸರಿ ಅಲ್ವಲ್ಲ. ಯುರೋಪಿನ ಲೆಕ್ಕದಲ್ಲಿ ರಾತ್ರಿಯ ಸದ್ದಿಗೆ 10 ಡೆಸಿಬೆಲ್ ಸೇರಿಸಿಯೇ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ವಿಮಾನದ ರಾತ್ರಿ ಸದ್ದು 40 ಡೆಸಿಬೆಲ್‌ಗಿಂತ ಕೆಳಗಿರಲಿ ಎಂದಿತು. ನಿಮ್ಮ ಕಡೆ ರೇಷ್ಮೆ ಮನೆಗಳಲ್ಲಿ ನಾಲ್ಕನೇ ಜ್ವರ ಎದ್ದ (ಅಂದರೆ ನಾಲ್ಕನೇ ಸಲ ಪೊರೆ ಕಳಚಿದ) ಹುಳಕ್ಕೆ ರಾತ್ರಿಯೂ ಸೊಪ್ಪು ಹಾಕಬೇಕು. ಸೊಪ್ಪು ಹಾಕಿ ಮಲಗಿದವರಿಗೆ ಸಿಗುವುದೇ ಎರಡು ಮೂರು ತಾಸು ನಿದ್ದೆ. ಅಷ್ಟರಲ್ಲಿ ಒಂದು ವಿಮಾನ ಎಬ್ಬಿಸಿದರೂ ಅದು ದೊಡ್ಡ ನಷ್ಟ. ದಾರಿ ಗೀಚುವವರ ಲೆಕ್ಕಕ್ಕೆ ಇದು ಬರಲೇಬೇಕು.

ನನ್ನ ಮಾತು ಕೇಳುವುದಾದರೆ, ಹಗಲಿನಲ್ಲಿ ಸದ್ದು ಹಂಚಿಹೋಗಲಿ. ರಾತ್ರಿ ಮಾತ್ರ ತೀರಾ ಕಡಿಮೆ ಮನೆಗಳಿರುವ ದಾರಿಯೇ ಇರಲಿ. ಗೆರೆ ಬದಲಿಸುವ ಮೊದಲು ಕೆಳಗಿನ ಊರಿನವರನ್ನು ಕೇಳಲಿ. ನೀವು ಎಚ್ಚರವಾದ ದಿನ, ಸಮಯ ಬರೆದಿಡಿ. ಅಕ್ಕಪಕ್ಕದವರಿಗೂ ಬರೆದಿಡಲು ಹೇಳಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿಟ್ಟು, ಊರಲ್ಲಿ ಕೆಲವು ವಾರ ಸದ್ದು ಅಳೆಯುವ ಯಂತ್ರ ಇಡಿಸಬೇಕೆಂದು ಠರಾವು ಮಾಡಿಸಿ. ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.