ಹಸಿರು ಪಟ್ಟಿ, ಬೆಳ್ಳಿ ಪಟ್ಟಿ

ಆಕೆಗೆ ಕೋಲಾರದ ಮಂಡಿಯಲ್ಲಿ ಟೊಮೆಟೊ ವಿಂಗಡಿಸುವ ಕೆಲಸ. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆ ಹಳೆಯದು. ಗುರುತು ಸಿಗದಿರಲೆಂದು ಉಳಿದದ್ದು ಬಿಟ್ಟಿದ್ದೇನೆ. ಮುಂಜಾನೆ ಬೆವೆತು, ಕೈ ನಡುಗಿ ಕುಸಿದು ಕೂತದ್ದು ಅದು ಎರಡನೇ ಸಲ. ನಮ್ಮ ಆಸ್ಪತ್ರೆಯ ಫೈಲಿನಲ್ಲಿ ‘ಹೇಳಿದಂತೆ ಮಾತ್ರೆ ನುಂಗುವುದಿಲ್ಲ’ ಎಂದಿತ್ತು. ಹಾಗೆ ಬರೆದವಳು ನಾನೇ.

ಚೀಟಿ ಕೊಟ್ಟು ಓದಿ ಅಂದೆ. ‘ಕನ್ನಡಕ ಮನೇಲಿ ಬಿಟ್‌ಬಂದೆ’ ಅಂದರು. ಹಿಂದಿನ ಎರಡು ಸಲವೂ ಕನ್ನಡಕ ಮನೆಯಲ್ಲೇ ಇತ್ತು. ಚೀಟಿ ಪಕ್ಕಕ್ಕಿಟ್ಟು, ಚೀಲದಲ್ಲಿರೋದೆಲ್ಲ ಮೇಜಿನ ಮೇಲೆ ಸುರಿದು, ಬೆಳಿಗ್ಗೆ ಏನು ನುಂಗ್ತೀರೋ ತೋರಿಸಿ ಅಂದೆ. ಹಸಿರು ಮಾತ್ರೆಪಟ್ಟಿಯಿಂದ (ಸ್ಟ್ರಿಪ್) ಒಂದು, ಬೆಳ್ಳಿ ಪಟ್ಟಿಯಿಂದ ಒಂದು ತೆಗೆದಿಟ್ಟರು. ಎರಡೂ ಗ್ಲಿಮೆಪಿರೈಡ್, ರಕ್ತದ ಸಕ್ಕರೆ ಇಳಿಸುವ ಒಂದೇ ಔಷಧಿ. ಒಂದು ಆಸ್ಪತ್ರೆಯದ್ದು, ಇನ್ನೊಂದು ಇಲ್ಲಿ ಸ್ಟಾಕ್ ಇಲ್ಲದಾಗ ಹೊರಗೆ ಕೊಂಡದ್ದು. ಅದೂ ಬರಿಹೊಟ್ಟೆಗೆ. ಸಕ್ಕರೆ ತೀರಾ ಇಳಿದು ಕುಸಿಯುತ್ತಿದ್ದರು.

‘ಎರಡೂ ಒಂದೇ ಅಲ್ವೇನಮ್ಮ!’ ನನ್ನ ದನಿ ಏರಿತ್ತು.

‘ಮಂಡೀಲಿ ಬಣ್ಣ ಬೇರೆ ಆದ್ರೆ ಬಾಕ್ಸೂ ಬೇರೆ. ಬಣ್ಣ ಬದ್ಲಾಯ್ಸಿದ್ದು ನೀವು, ಬೈಯೋದು ನನ್ನ.’

ಹದಿನೈದು ಕೆ.ಜಿ. ಬಾಕ್ಸಿಗೆ ಹಣ್ಣು ಆರಿಸುವಾಗ ಈ ಕಣ್ಣು ತಪ್ಪುವುದಿಲ್ಲ. ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರ ಬಿಟ್ಟರೆ ಆಕೆಗೆ ಸಿಗುತ್ತಿದ್ದುದು ಬಣ್ಣವೊಂದೇ, ಅದನ್ನೇ ನಂಬಿದ್ದರು.

ಮಾತ್ರೆಯ ಜವಾಬ್ದಾರಿ ಸೊಸೆಗೆ ವಹಿಸಿ ಎಂದರು ಸಹೋದ್ಯೋಗಿ. ನಾನು ಒಪ್ಪಲಿಲ್ಲ. ಇಷ್ಟು ವರ್ಷ ಸೊಸೆಯಿಂದಲೇ ಮುಚ್ಚಿಟ್ಟದ್ದನ್ನು ನಾನ್ಯಾಕೆ ಬಯಲು ಮಾಡಲಿ? ಒಂದು-ಸೊನ್ನೆ-ಒಂದು (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಎಂದು ಬರೆದರೆ ಡಿಗ್ರಿ ಓದಿದವರೂ ತಡವರಿಸುತ್ತಾರೆ.

ಡಾಕ್ಟರನ್ನು ಕೇಳಿ ಆ ಎರಡರಲ್ಲಿ ಒಂದು ಪಟ್ಟಿಯ ಮಾತ್ರೆ ನಿಲ್ಲಿಸಿದೆವು. ಆಕೆಗೆ ಹೇಳಿದ್ದು ಇಷ್ಟು: ಖಾಲಿ ಪಟ್ಟಿ ಎಸೆಯಬೇಡಿ. ಹೊಸದು ಕೊಟ್ಟಾಗ ಹಳೆಯದನ್ನು ಪಕ್ಕಕ್ಕಿಟ್ಟು ‘ಒಳಗಿನ ಔಷಧಿ ಒಂದೇನಾ?’ ಎಂದು ಕೇಳಿ. ಬೆವರು, ನಡುಕ ಬಂದರೆ ಕೆಲಸ ನಿಲ್ಲಿಸಿ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಆಮೇಲೆ ಏನಾದರೂ ತಿನ್ನಿ. ‘ಅರ್ಥ ಆಯ್ತಾ’ ಎಂದು ನಾನೀಗ ಕೇಳುವುದಿಲ್ಲ, ಎಲ್ಲರೂ ಹೂಂ ಅಂತಾರೆ. ಪಕ್ಕದ ಮನೆಯವರಿಗೆ ಹೇಗೆ ಹೇಳ್ತೀರೋ ಹಾಗೆ ನನಗೆ ಹೇಳಿ ಅಂತೀನಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಹೊರಗೆ ಕ್ಯೂ ಇದೆ ಎಂದು ಗೊಣಗುವವರಿಗೆ ಆಕೆ ಕುಸಿದ ಎರಡು ಬೆಳಗನ್ನು ನೆನಪಿಸುತ್ತೇನೆ.

ಕವರಿನ ಮೇಲೆ ಬೆಳಗಿನ ಗುರುತಿಗೆ ಸೂರ್ಯ ಬರೆದೆ. ಆಕೆ ಬೇಡವೆಂದು ತಲೆ ಆಡಿಸಿದರು. ‘ನಾನು ಮಂಡಿಗೆ ಹೋಗೋವಾಗ ಸೂರ್ಯ ಎಲ್ಲಿರ್ತಾನೆ? ತಿಂಡಿ ಜೊತೆ ಅಲ್ವಾ ನುಂಗ್ಬೇಕಾದ್ದು? ತಟ್ಟೆ ಬರೀರಿ.’

ಸೂರ್ಯನನ್ನು ಹೊಡೆದುಹಾಕಿ ತಟ್ಟೆ ಬರೆದೆ.