ನಾಯಿಗೆ ವಿಮೆ, ಮನೆಯಲ್ಲಿ ಜಗಳ

ಸಾಕಿದ ನಾಯಿಗೆ ಆರೋಗ್ಯ ವಿಮೆ ಮಾಡಿಸಬೇಕಾ ಬೇಡವಾ ಅಂತ ಕಿತ್ತಾಡಿಕೊಂಡು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವ ದಂಪತಿಗಳು ಈಗೀಗ ಜಾಸ್ತಿಯಾಗಿದ್ದಾರೆ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಸ, ಇಬ್ಬರಿಗೂ ಕೆಲಸ, ಮನೆಯಲ್ಲಿ ಮೂರು ವರ್ಷದ ಲ್ಯಾಬ್ರಡಾರ್. ಮೊದಲಿದ್ದ ನಾಯಿ ಕಿಡ್ನಿ ಕೆಟ್ಟು ತೀರಿಹೋಗಿತ್ತು. ಆಕೆಗೆ ವಿಮೆ ಬೇಕೇ ಬೇಕು. ಆತನಿಗೆ ಅದು ದಂಡದ ಖರ್ಚು. "ನಮ್ಮಮ್ಮನಿಗೇ ವಿಮೆ ಇಲ್ಲ, ಇವಳು ನಾಯಿಗೆ ಮಾಡಿಸ್ತಾಳಂತೆ" ಅಂದರು ಮೊದಲ ಭೇಟಿಯಲ್ಲೇ.

ಮುಂದಿನ ಸಲ ಆತ ಲ್ಯಾಪ್‌ಟಾಪ್ ತಂದರು. ಪ್ರೀಮಿಯಂ ಎಷ್ಟು, ಲಸಿಕೆಗೆ ಎಷ್ಟು, ಟಿಕ್ ಫೀವರ್ ಬಂದರೆ ಎಷ್ಟು, ಎಲ್ಲ ಎಕ್ಸೆಲ್‌ನಲ್ಲಿ ಸಾಲುಸಾಲಾಗಿ ಇತ್ತು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆಕೆ ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನೇ ಕೇಳಿದರು: "ವಿಮೆ ಇದ್ದಿದ್ರೆ ಅವತ್ತು ನಾನು ಸಹಿ ಹಾಕಬೇಕಾಗಿರ್ಲಿಲ್ಲ ಅಲ್ವಾ ಮೇಡಂ?"

ಯಾವ ಸಹಿ ಅಂತ ಕೇಳಿದೆ. ಹಳೇ ನಾಯಿಗೆ ದಿನಾ ಡ್ರಿಪ್ ಹಾಕಿದರೂ ಕ್ರಿಯಾಟಿನಿನ್ (ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಅಂಶ) ಇಳಿದಿರಲಿಲ್ಲ. ಡಯಾಲಿಸಿಸ್ ನೋಡಬಹುದು, ಆದರೆ ಭರವಸೆ ಕೊಡಲಾರೆ ಅಂದಿದ್ದರು ಡಾಕ್ಟರ್. ಖರ್ಚು ಕೇಳಿದ ಮೇಲೆ ಆಕೆ ದಯಾಮರಣದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಒಬ್ಬರೇ. "ಇವರು ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತಿದ್ರು."

ಆತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀನೇ ನೋಡ್ಕೋ ಅಂದುಬಿಟ್ಟೆ. ಆ ರೂಮಿಗೆ ಕಾಲಿಡೋಕೆ ನನ್ನಿಂದ ಆಗ್ಲಿಲ್ಲ" ಅಂದರು. ಎಕ್ಸೆಲ್ ಮಾತು ಅಲ್ಲಿಗೆ ಮುಗಿಯಿತು.

ಇಲ್ಲಿ ವಿಮೆ ವಿಷಯ ಬಿಟ್ಟು ಬರೀ ದುಃಖದ ಬಗ್ಗೆ ಮಾತಾಡಬೇಕಿತ್ತು ಅನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪಲ್ಲ. ಪಾಲಿಸಿ ಇದ್ದರೆ ಆ ನಿರ್ಧಾರ ತನ್ನ ತಲೆ ಮೇಲೆ ಬರಲ್ಲ ಅಂತ ಆಕೆ ನಂಬಿದ್ದರು. ಆ ನಂಬಿಕೆಯಲ್ಲೇ ದುಡ್ಡು ಕಟ್ಟಿದರೆ ಮುಂದೊಂದು ರಾತ್ರಿ ಆಸ್ಪತ್ರೆಯಲ್ಲಿ ಮತ್ತೆ ಅದೇ ಗತಿ. ಹಾಗಾಗಿ ಪಾಲಿಸಿಯ ಷರತ್ತುಗಳನ್ನು ಜೊತೆಗೆ ಕೂತೇ ಓದಿಸಿದೆ. (ನನಗೆ ಯಾವ ಕಂಪನಿಯ ಕಮಿಷನ್ನೂ ಇಲ್ಲ, ಬೇಕಾಗಿಯೂ ಇಲ್ಲ.)

ನಮ್ಮಲ್ಲಿ ಸಾಮಾನ್ಯವಾಗಿ ಬಿಲ್ ಮೊದಲು ನಾವೇ ಕಟ್ಟಬೇಕು, ದುಡ್ಡು ವಾಪಸ್ ಬರುವುದು ಆಮೇಲೆ. ಅಂದರೆ ಆ ರಾತ್ರಿಗೆ ಕೈಯಲ್ಲಿ ಹಣ ಇರಲೇಬೇಕು. ಕ್ಲೇಮಿಗೆ ಒಂದು ಮಿತಿ ಇರುತ್ತದೆ. ಎಷ್ಟೋ ಪಾಲಿಸಿಗಳಲ್ಲಿ ಬಿಲ್ಲಿನ ಒಂದು ಪಾಲು ನಮ್ಮದೇ. ಮೊದಲೇ ಇದ್ದ ಕಾಯಿಲೆಗೆ ಕವರ್ ಸಿಗಲ್ಲ. ಪಾರ್ವೊ, ಡಿಸ್ಟೆಂಪರ್‌ನಂಥ ನಾಯಿ ರೋಗಗಳ ಲಸಿಕೆ ತಪ್ಪಿಸಿ, ಅದೇ ಕಾಯಿಲೆ ಬಂದರೆ ಕ್ಲೇಮ್ ಸಿಗಲ್ಲ. ವಯಸ್ಸಾದ ನಾಯಿಯನ್ನು ಹೊಸದಾಗಿ ಸೇರಿಸಿಕೊಳ್ಳುವುದೂ ಕಷ್ಟ. ಎಷ್ಟು ದೊಡ್ಡ ಪಾಲಿಸಿ ಇದ್ದರೂ "ಮುಂದೆ ಏನು ಮಾಡೋಣ?" ಅಂತ ಡಾಕ್ಟರ್ ಕೇಳುವುದು ಮನೆಯವರನ್ನೇ.

ನಾನು ಕೊಟ್ಟ ಸಲಹೆ ಇದು. ನಾಯಿ ಆರೋಗ್ಯವಾಗಿರುವಾಗಲೇ ಇಬ್ಬರೂ ಕೂತು ಬರೆದಿಡಿ. ಎಷ್ಟು ಹಣದವರೆಗೆ ಹೋಗುತ್ತೀರಿ, ಅದಕ್ಕಿಂತ ಮುಖ್ಯವಾಗಿ ನಾಯಿಗೆ ಎಷ್ಟು ನೋವಾಗುವವರೆಗೆ ಹೋಗುತ್ತೀರಿ. ಅದು ಊಟ ಬಿಟ್ಟು, ಏಳಲಾರದೆ ಮಲಗಿದಲ್ಲೇ ಎಲ್ಲ ಆಗುವ ಹೊತ್ತಿಗೆ ಇದನ್ನು ಯೋಚಿಸಲು ಆಗಲ್ಲ. ಎಂಥ ಪತ್ರವಿದ್ದರೂ ಇಬ್ಬರದೂ ಸಹಿ ಇರಲಿ, ಇಬ್ಬರೂ ರೂಮೊಳಗಿರಿ. ಕಾರಲ್ಲಿ ಕಾಯುವ ಹಾಗಿಲ್ಲ.

ವಿಮೆ? ಮಾಡಿಸಿ ಅಂದೆ, ಯಾಕಂದರೆ ಮೂರು ವರ್ಷ ಅದಕ್ಕೆ ಒಳ್ಳೇ ವಯಸ್ಸು. ಲ್ಯಾಬ್‌ಗಳಿಗೆ ಸೊಂಟದ ಕೀಲಿನ ತೊಂದರೆ ಹೆಚ್ಚು, ಆಪರೇಷನ್ ದುಬಾರಿ. ಅಪಾರ್ಟ್‌ಮೆಂಟಿನವರು, ನಾಯಿ ಯಾರಿಗಾದರೂ ಕಚ್ಚಿದರೆ ಪರಿಹಾರ ಕಟ್ಟಿಕೊಡುವ ಭಾಗವೂ ಇದೆಯಾ ನೋಡಿಕೊಳ್ಳಬೇಕು. ನಾಯಿಗೆ ಎಂಟು ಒಂಬತ್ತು ದಾಟಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ಪ್ರೀಮಿಯಂ ದುಡ್ಡನ್ನು ಆರ್‌ಡಿಗೆ ಹಾಕಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಈಗಲೇ ಒಮ್ಮೆ ನೋಡಿ ಬನ್ನಿ ಅನ್ನುತ್ತಿದ್ದೆ.

ಇನ್ನು ಆತನ ಅಮ್ಮನ ಮಾತು. ವಯಸ್ಸಾಯ್ತು ಅಂತ ಅವರ ವಿಮೆ ವಿಚಾರಿಸುವುದನ್ನೇ ಬಿಟ್ಟಿದ್ದರು. ಹೊಸ ಆರೋಗ್ಯ ಪಾಲಿಸಿಗೆ ಇದ್ದ 65 ವರ್ಷದ ಮಿತಿ 2024ರ ಏಪ್ರಿಲ್‌ನಿಂದ ಇಲ್ಲ. ಅದನ್ನು ಮೊದಲು ವಿಚಾರಿಸಿ, ನಾಯಿಯದು ಆಮೇಲೆ ಅಂದೆ. ಅತ್ತೆಯನ್ನೂ ನಾಯಿಯನ್ನೂ ತಕ್ಕಡಿಗೆ ಹಾಕುವ ಜಗಳದಲ್ಲಿ ಯಾವ ಸೊಸೆಯೂ ಗೆಲ್ಲಲ್ಲ.

ಪಾಲಿಸಿ ತಗೊಂಡಿದ್ದಾರೆ, ಚಿಕ್ಕದು. ಇಬ್ಬರೂ ಬರೆದಿಡುತ್ತಿರುವ ಹಾಳೆಯಲ್ಲಿ ಹಣದ ಜಾಗ ಮಾತ್ರ ಇನ್ನೂ ಖಾಲಿ. ಆಕೆ ಒಂದೂವರೆ ಲಕ್ಷ ಸಾಕು ಅನ್ನುತ್ತಾರೆ. ಎರಡಕ್ಕಿಂತ ಕಮ್ಮಿ ಬೇಡ ಅಂತ ಹಟ ಹಿಡಿದಿರುವುದು ಆತ.